ಮುಚ್ಚಿದ ಕಾರ್ಖಾನಿಯ ಹೆಸರು ಯಾರ ಪಾಲಿಗೆ?

ಹೊಲಕ್ಕ ಉತಾರ ಇರ್ತದ. ಮನಿಗೆ ಪಂಚಾಯ್ತಿ ಕಾಗದ ಇರ್ತದ. ಸಾಲ ಮಾಡಿ ತಂದ ಎಮ್ಮಿಗೆ ಸಹಿತ ಕಿವ್ಯಾಗ ನಂಬರಿನ ಬಿಲ್ಲೆ ಇರ್ತದ. ಹಂಗಾದ್ರ ಒಂದು ಹೆಸರಿಗೆ ಏನಿರ್ತದ? ಆ ಹೆಸರು ಗಳಿಸಿದ ಮನಿ ಬಿದ್ದು ಹೋದ ಮ್ಯಾಲೆ ಹೆಸರು ಯಾರಿಗೆ ಸೇರಬೇಕು? ಮಕ್ಕಳಿಗೋ, ಸಾಲ ಕೊಟ್ಟವರಿಗೋ, ದುಡಿದವರಿಗೋ, ಮೊದಲು ಹೋಗಿ ಬರೆಸಿಕೊಂಡವರಿಗೋ? ನಮ್ಮ ಕರ್ನಾಟಕದ ಹೈಕೋರ್ಟಿನಲ್ಲಿ ಇದೇ ಪ್ರಶ್ನೆ ವರ್ಷಗಟ್ಟಲೆ ನಡೆಯಿತು. ಆ ಹೆಸರು ಯೆಜ್ಡಿ. ಅದು ಮೈಸೂರಾಗ ಹುಟ್ಟಿದ ಮೋಟರ್‌ಸೈಕಲ್.

ನಾನು ಏಳನೇ ಇಯತ್ತೆ ಕಲಿತ ಒಕ್ಕಲಿಗ. ಭಜನಿ ಪದ, ಗೀಗೀ ಪದ ಹಾಡ್ತೀನಿ. ವಕೀಲಿ ನನಗೆ ಬರೂದಿಲ್ಲ. ಸುಗ್ಗಿ ಮುಗಿದ ಮ್ಯಾಲೆ ಮಡಗಾಂವದ ಮೋತಿ ಡೊಂಗರದಾಗ ಇರುವ ಮಗನ ಮನಿಗೆ ಹೋಗಿ ಒಂದೆರಡು ತಿಂಗಳು ಇರ್ತೀನಿ. ಆ ಗುಡ್ಡದಾಗ ನಮ್ಮ ಕಡೆ ಮಂದಿ ಬಹಳ. ಗೋವಾದಾಗ ಮೋಟರ್‌ಸೈಕಲ್ಲಿಗೆ ಇರುವ ಮರ್ಯಾದಿ ಬ್ಯಾರೆ ಕಡೆ ಇಲ್ಲ. ಅಲ್ಲಿ ಬಾಡಿಗಿ ಓಡಿಸುವವರಿಗೆ ‘ಪೈಲಟ್’ ಅಂತಾರ, ಗಾಡಿಗೆ ಹಳದಿ ಬಣ್ಣ ಹಚ್ಚಿರ್ತಾರ. ಹೊಸಾ ಯೆಜ್ಡಿ ರಸ್ತೆಗೆ ಬಂದಾಗಿನಿಂದ ಅಲ್ಲಿಯ ಹುಡುಗರು ‘ನಮ್ಮ ಮೈಸೂರಿನ ಗಾಡಿ ತಿರುಗಿ ಬಂತು’ ಅಂತಾರ. ವಯಸ್ಸಾದ ಮೇಸ್ತ್ರಿಗಳು ‘ಇದು ಆ ಯೆಜ್ಡಿ ಅಲ್ಲೋ ತಮ್ಮಾ’ ಅಂತಾರ. ಈ ಮಾತಿನ ಜಾಡು ಹಿಡಿದು ಹೋದಾಗ ತಿಳಿದದ್ದನ್ನ ನಮ್ಮ ವಾಚನಾಲಯದ ಪುಸ್ತಕಕ್ಕ ಬರೆದು ಕೊಡ್ತಾ ಇದ್ದೀನಿ.

ಮೊದಲು ಜಾವಾ. ಯುರೋಪಿನ ಚೆಕ್ ದೇಶದ ಪ್ರಾಗ್ ಊರಾಗ 1929ರಲ್ಲಿ ಯಾನೆಚೆಕ್ ಎಂಬಾತ ಮೋಟರ್‌ಸೈಕಲ್ ಮಾಡಲಿಕ್ಕೆ ಶುರು ಮಾಡಿದ. ಜರ್ಮನಿಯ ವಾಂಡರರ್ ಕಂಪನಿಯ ಗಾಡಿಯ ನಮೂನಿ ತಗೊಂಡಿದ್ದ. ತನ್ನ ಹೆಸರಿನ ಮೊದಲಿನ ಎರಡಕ್ಷರ, ಅವರ ಹೆಸರಿನ ಮೊದಲಿನ ಎರಡಕ್ಷರ ಕೂಡಿಸಿ ‘ಜಾವಾ’ ಅಂತ ಇಟ್ಟ. ಸ್ವಾತಂತ್ರ್ಯ ಬಂದ ಮ್ಯಾಲೆ ನಮ್ಮ ಸರ್ಕಾರ ಪರದೇಶದ ಗಾಡಿ ತರಿಸೂದಕ್ಕ ಕಡಿವಾಣ ಹಾಕಿ, ಇಲ್ಲೇ ಮಾಡ್ರಿ ಅಂತು. ಆಗ ರುಸ್ತುಂ ಇರಾನಿ, ಫಾರೂಕ್ ಇರಾನಿ ಎಂಬ ಪಾರ್ಸಿ ಇರಾನಿ ಮನೆತನದವರು ಜಾವಾದವರ ಪರವಾನಿಗೆ ತಗೊಂಡು 1960ರಲ್ಲಿ ಮೈಸೂರಿನಲ್ಲಿ ‘ಐಡಿಯಲ್ ಜಾವಾ’ ಕಂಪನಿ ಕಟ್ಟಿದರು. 1961ರಲ್ಲಿ ಯಾದವಗಿರಿಯ ಕಾರ್ಖಾನಿಯಿಂದ ಗಾಡಿ ಹೊರಗ ಬಂತು. ಉದ್ಘಾಟನೆ ಮಾಡಿದವರು ಜಯಚಾಮರಾಜ ಒಡೆಯರು. ಆಗ ಅವರು ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದರು.

ಪರವಾನಿಗೆಯ ಕರಾರು ಮುಗಿದ ಮ್ಯಾಲೆ, 1973ರ ಹೊತ್ತಿಗೆ, ಅದೇ ಕಾರ್ಖಾನಿ ತನ್ನದೇ ಹೆಸರು ಇಟ್ಟುಕೊಂಡಿತು. ಅದೇ ಯೆಜ್ಡಿ. ಇರಾನ್ ದೇಶದಾಗ ಯಜ್ದ್ ಅಂತ ಹಳೆ ಊರದ. ಇರಾನಿ ಮನೆತನದವರ ಮೂಲ ಆ ಕಡೆಯದು, ಅದಕ್ಕ ಆ ಹೆಸರು ಬಂತು ಅಂತ ಹೇಳ್ತಾರ. ಇಲ್ಲಿ ಒಂದು ಮಾತು ಗಂಟು ಹಾಕಿ ಇಟ್ಟುಕೊಳ್ರಿ, ಮುಂದಿನ ಜಗಳಕ್ಕ ಬೇಕಾಗ್ತದ. ಜಾವಾ ಎಂಬ ಹೆಸರಿಗೆ ಚೆಕ್ ದೇಶದಾಗ ಧಣಿ ಇದ್ದರು. ಯೆಜ್ಡಿ ಎಂಬ ಹೆಸರು ಮೈಸೂರಿನ ಕಂಪನಿಯದು.

ಈ ಗಾಡಿ ಹೆಂಗಿತ್ತು ಅಂತ ನಮ್ಮ ವಯಸ್ಸಿನವರಿಗೆ ಹೇಳಬೇಕಾಗಿಲ್ಲ, ಹುಡುಗರಿಗೆ ಹೇಳಬೇಕು. ಇಂಜಿನ್ ಒಂದು, ಹೊಗಿ ಕೊಳವಿ ಎರಡು, ಆ ಕಡೆ ಒಂದು ಈ ಕಡೆ ಒಂದು. ಗೇರ್ ಹಾಕುವ ಕಡ್ಡಿಯನ್ನೇ ತಿರುವಿ ನಿಲ್ಲಿಸಿದರೆ ಅದೇ ಕಿಕ್ ಆಗ್ತಿತ್ತು. ಪೆಟ್ರೋಲಿಗೆ ಆಯಿಲ್ ಕಲಸಿ ಹಾಕಬೇಕಿತ್ತು. 250 ಸಿ.ಸಿ. ಇಂಜಿನ್, ಸಪ್ಪಳ ದೂರದಿಂದ ಗೊತ್ತಾಗ್ತಿತ್ತು. ಹಾಲಿನ ಕ್ಯಾನು, ಹಿಂಡಿ ಚೀಲ, ಹಿಂದ ಇಬ್ಬರು, ಎಲ್ಲಾ ಹೊರ್ತಿತ್ತು. ಕೆಸರಿನ ದಾರ್ಯಾಗ ಸಿಕ್ಕರೂ ತಿರುಗಿ ಎದ್ದು ಬರ್ತಿತ್ತು. ಕೆಟ್ಟರೆ ಸಂತಿ ಊರಿನ ಮೇಸ್ತ್ರಿ ಒಂದು ಸ್ಪ್ಯಾನರ್, ಒಂದು ಹಳೆ ಬಟ್ಟಿ ಹಿಡಕೊಂಡು ರಿಪೇರಿ ಮಾಡಿ ಕೊಡ್ತಿದ್ದ. 1978ರಲ್ಲಿ ‘ರೋಡ್‌ಕಿಂಗ್’ ಅನ್ನುವ ನಮೂನಿ ಬಂತು, ಅದಂತೂ ಭಾಳ ಹೆಸರು ಮಾಡಿತು.

ಹಿಂಗಿದ್ದ ಕಾರ್ಖಾನಿ ಯಾಕ ಬಿತ್ತು? ಗಾಡಿ ಕೆಟ್ಟದ್ದಿತ್ತು ಅಂತ ಅಲ್ಲ, ಕಾಲ ಬದಲಾತು. 1980ರ ದಶಕದ ನಡುವ ಜಪಾನಿನವರ ಕೈ ಹಿಡಿದು ಸಣ್ಣ ಇಂಜಿನ್ನಿನ ಗಾಡಿ ಬಂದವು. 1985ರಲ್ಲಿ ಹೀರೋ ಹೋಂಡಾದ 100 ಸಿ.ಸಿ. ಗಾಡಿ ಬಂತು. ಹಗುರ, ಎಣ್ಣಿ ಕಲಸೂದು ಬ್ಯಾಡ, ಒಂದು ಲೀಟರಿಗೆ ಬಹಳ ದೂರ ಹೋಗ್ತದ. ಪೆಟ್ರೋಲಿನ ದರ ಏರುವ ಕಾಲದಾಗ ಯೆಜ್ಡಿ ಕುಡಿಯುವ ಪೆಟ್ರೋಲ್ ಯಾರಿಗೆ ಪೂರೈಸ್ತದ? ಅದರ ಮ್ಯಾಲೆ 1991ರಲ್ಲಿ, ಆಮ್ಯಾಲೆ 1996ರಲ್ಲಿ ಸರ್ಕಾರ ಹೊಗಿಯ ನಿಯಮ ಬಿಗಿ ಮಾಡಿತು. ಎಣ್ಣಿ ಸುಡುವ ಇಂಜಿನ್ನಿಗೆ ಅದು ಕಷ್ಟ. 1996ರಲ್ಲಿ ಮೈಸೂರಿನ ಕಾರ್ಖಾನಿ ನಿಂತಿತು. 2001ರಲ್ಲಿ ಹೈಕೋರ್ಟ್ ಆ ಕಂಪನಿಯನ್ನು ಸಮಾಪ್ತಿ ಮಾಡಲಿಕ್ಕೆ ಆಜ್ಞೆ ಮಾಡಿತು.

ಸಮಾಪ್ತಿ ಅಂದ್ರ ಏನು ಅಂತ ನಮ್ಮ ಭಾಷೆಯಾಗ ಹೇಳ್ತೀನಿ. ಮನಿ ಯಜಮಾನ ಸಾಲ ಬಿಟ್ಟು ತೀರಿಕೊಂಡಾಗ ಹಿರಿಯರು ಕೂತು, ಮನ್ಯಾಗ ಇದ್ದದ್ದನ್ನ ಬರೆದು, ಮಾರಿ, ಸಾಲಗಾರರಿಗೆ ಹಂಚ್ತಾರಲ್ಲ, ಹಂಗ. ಕಂಪನಿಗೆ ಆ ಹಿರಿಯನ ಕೆಲಸ ಮಾಡುವವರು ಕೋರ್ಟಿಗೆ ಸೇರಿದ ಅಧಿಕೃತ ಲಿಕ್ವಿಡೇಟರ್. ಜಾಗ, ಯಂತ್ರ, ಸಾಮಾನು, ಬರಬೇಕಾದ ಬಾಕಿ ಎಲ್ಲಾ ಅವರ ವಶಕ್ಕ ಹೋಗ್ತದ. ಮಾರಿ ಬಂದ ರೊಕ್ಕ ಹಂಚುವಾಗ ಕಾರ್ಮಿಕರ ಬಾಕಿಯನ್ನ ಹಿಂದಕ್ಕ ತಳ್ಳುವ ಹಂಗಿಲ್ಲ. 1956ರ ಹಳೆ ಕಂಪನಿ ಕಾಯ್ದೆಗೆ 1985ರಲ್ಲಿ ಸೇರಿಸಿದ 529ಎ ಕಲಮು ಹೇಳಿದ್ದು ಇದನ್ನೇ. ಒತ್ತೆ ಇಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕು ಮತ್ತು ದುಡಿದ ಕಾರ್ಮಿಕ ಸರಿಸಮ ಸಾಲಿನಾಗ ಕೂರಬೇಕು, ಮಿಕ್ಕವರು ಅವರ ಹಿಂದ.

ಈಗ ಜಗಳದ ಬೇರು ಕಾಣ್ತದ. ಜಾಗ, ಯಂತ್ರದ ಹಂಗ ಹೆಸರೂ ಆ ಪಟ್ಟಿಯಾಗ ಬರ್ತದೋ ಇಲ್ಲೋ? ಬಂದರ ಅದನ್ನೂ ಮಾರಬೇಕು, ಬಂದ ರೊಕ್ಕದಾಗ ಕಾರ್ಮಿಕರಿಗೂ ಪಾಲು. ಬರದಿದ್ದರ ಅದು ಪಡಾ ಬಿದ್ದ ಹೊಲ, ಮೊದಲು ನೇಗಿಲು ಹೂಡಿದವನ ಪಾಲು.

ಹೆಸರಿಗೂ ಉತಾರ ಇರ್ತದ ಅಂತ ನನಗ ಗೊತ್ತಾದದ್ದು ಆಗಲೇ. ಅದಕ್ಕ ಟ್ರೇಡ್‌ಮಾರ್ಕ್ ಅಂತಾರ. ನೋಂದಣಿ ಕಚೇರಿಯಾಗ ಬರೆಸಬೇಕು. ಹಳೆ ಕಾಯ್ದೆಯಾಗ 7 ವರ್ಷಕ್ಕೊಮ್ಮೆ, ಈಗಿನ 1999ರ ಕಾಯ್ದೆಯಾಗ 10 ವರ್ಷಕ್ಕೊಮ್ಮೆ ಫೀ ಕಟ್ಟಿ ಮುಂದುವರಿಸಬೇಕು. ಬರೆಸಿಟ್ಟು ಐದು ವರ್ಷ ಮೂರು ತಿಂಗಳು ಬಳಸದೆ ಬಿಟ್ಟರೆ, ‘ಇದನ್ನ ತೆಗೆದು ಹಾಕ್ರಿ’ ಅಂತ ಇನ್ನೊಬ್ಬರು ಅರ್ಜಿ ಕೊಡಬಹುದು. ಕಾರ್ಖಾನಿಗೆ ಬೀಗ ಬಿದ್ದ ಮ್ಯಾಲೆ ಯೆಜ್ಡಿ ಹೆಸರಿನ ಫೀ ಕಟ್ಟುವವರು ಯಾರೂ ಇರಲಿಲ್ಲ. ನೋಂದಣಿ ಸತ್ತಿತು.

ಆದರ ಹೆಸರು ಸಾಯಲಿಲ್ಲ. ‘ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ’ ಅಂತಾರಲ್ಲ, ಹಂಗ. ಮಂದಿ ಹಳೆ ಗಾಡಿಗಳನ್ನ ಮಕ್ಕಳ ಹಂಗ ಒರಸಿ ಇಟ್ಟುಕೊಂಡರು. ಬೆಂಗಳೂರಾಗ ಜಾವಾ ಯೆಜ್ಡಿ ಪ್ರಿಯರ ಕ್ಲಬ್ ಆತು. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ ಅಂತ ಹಳೆ ಗಾಡಿಗಳ ಜಾತ್ರಿ ಕೂಡ್ತದ. ಕಾರ್ಖಾನಿ ಇಲ್ಲ, ಹೊಸಾ ಬಿಡಿಭಾಗ ಇಲ್ಲ, ಜಾಹೀರಾತು ಇಲ್ಲ. ಆ ವರ್ಷಗಳಾಗ ಹೆಸರನ್ನ ಜೀವಂತ ಇಟ್ಟವರು ಗಾಡಿ ಇದ್ದವರು ಮತ್ತು ಮೇಸ್ತ್ರಿಗಳು.

ಮುಂದೆ ರುಸ್ತುಂ ಇರಾನಿಯವರ ಮಗ ಬೋಮನ್ ಇರಾನಿಯವರು ಯೆಜ್ಡಿ ಹೆಸರನ್ನ ತಮ್ಮ ಹೆಸರಿಗೆ ನೋಂದಣಿ ಮಾಡಿಸಿದರು. ಅವರು, ಅನುಪಮ್ ಥರೇಜಾ ಮತ್ತು ಮಹೀಂದ್ರಾ ಕಂಪನಿಯವರು ಕೂಡಿ ‘ಕ್ಲಾಸಿಕ್ ಲೆಜೆಂಡ್ಸ್’ ಅನ್ನುವ ಹೊಸ ಕಂಪನಿ ಕಟ್ಟಿದರು. 2018ರ ನವೆಂಬರದಾಗ ಜಾವಾ ಹೆಸರಿನ ಹೊಸ ಗಾಡಿ ಬಂತು. 2022ರ ಜನವರಿ 13ಕ್ಕ ಯೆಜ್ಡಿ ಹೆಸರಿನ ಮೂರು ನಮೂನಿ ಬಂದವು. ಹುಟ್ಟಿದ ಊರು ಮೈಸೂರಲ್ಲ, ಮಧ್ಯಪ್ರದೇಶದ ಪೀತಾಂಪುರ. ಇಂಜಿನ್ ಬ್ಯಾರೆ, ಎಣ್ಣಿ ಕಲಸೂದಿಲ್ಲ. ಟಾಕಿಯ ಮ್ಯಾಲಿನ ಹೆಸರು ಮಾತ್ರ ಹಳೇದು.

ಲಿಕ್ವಿಡೇಟರೂ ಕಾರ್ಮಿಕರ ಸಂಘದವರೂ ಹೈಕೋರ್ಟಿನಲ್ಲಿ ಇದಕ್ಕ ತಕರಾರು ಹೂಡಿದರು. ಎರಡೂ ಕಡೆಯ ವಾದ ಕೇಳಿದರ ನಮ್ಮ ಹರದೇಶಿ ನಾಗೇಶಿ ಹಾಡಿಕಿ ನೆನಪಾಗ್ತದ. ಒಬ್ಬರ ಪದ ಕೇಳಿದಾಗ ಅವರದೇ ಖರೆ ಅನಿಸ್ತದ. ಇನ್ನೊಬ್ಬರು ದಪ್ಪು ಬಾರಿಸಿ ಎದ್ದು ನಿಂತಾಗ ಅವರದೂ ಖರೆ ಅನಿಸ್ತದ.

ಹರದೇಶಿಯವರ ಪದ ಅಂತ ತಿಳೀರಿ, ಲಿಕ್ವಿಡೇಟರು ಮತ್ತು ಕಾರ್ಮಿಕರ ಕಡೆಯದು ಹಿಂಗಿತ್ತು: ‘ಯೆಜ್ಡಿ ಕಂಪನಿಯ ಆಸ್ತಿ. ಕಂಪನಿ ಸಮಾಪ್ತಿಗೆ ಬಂದಾಗ ಅದರ ಆಸ್ತಿ ಎಲ್ಲಾ ಕೋರ್ಟಿನ ವಶಕ್ಕ ಬಂತು. ಕೋರ್ಟಿನ ವಶದಾಗ ಇದ್ದದ್ದನ್ನ ಕೇಳದೆ ಯಾರೂ ಒಯ್ಯುವ ಹಂಗಿಲ್ಲ, ಧಣಿಯ ಮಗನೂ ಒಯ್ಯುವ ಹಂಗಿಲ್ಲ. ಫೀ ಕಟ್ಟಲಿಲ್ಲ ಅಂದ ಮಾತ್ರಕ್ಕ ಹೆಸರಿನ ಪುಣ್ಯ ಎಲ್ಲಿ ಹೋಯಿತು? ಪುಣ್ಯ ಇಲ್ಲದಿದ್ದರ ನೀವು ಬ್ಯಾರೆ ಹೆಸರು ಇಡಬಹುದಿತ್ತಲ್ಲ? ಹಳೆ ಹೆಸರೇ ಯಾಕ ಬೇಕಾತು?’

ನಾಗೇಶಿಯವರ ಪದ, ಇರಾನಿ ಮತ್ತು ಹೊಸ ಕಂಪನಿಯ ಕಡೆಯದು: ‘1996ರಿಂದ ಆ ಹೆಸರಿನಲ್ಲಿ ಒಂದು ಗಾಡಿ ಮಾಡಿಲ್ಲ, ಮಾರಿಲ್ಲ. ನೋಂದಣಿ ಮುಂದುವರಿಸಿಲ್ಲ. ಲಿಕ್ವಿಡೇಟರೂ ಇಷ್ಟು ವರ್ಷ ಅದರ ಕಡೆ ನೋಡಲಿಲ್ಲ. ಬಿಟ್ಟ ಹೆಸರು ಯಾರ ಸ್ವತ್ತೂ ಅಲ್ಲ. ನಾವು ಕಾನೂನಿನ ಪ್ರಕಾರ ಬರೆಸಿಕೊಂಡೀವಿ, ರೊಕ್ಕ ಹಾಕೀವಿ, ಗಾಡಿ ಮಾಡೀವಿ. ಗಾಡಿ ಓಡಲಿಕ್ಕೆ ಹತ್ತಿದ ಮ್ಯಾಲೆ ಹೆಸರು ನಮ್ಮದು ಅಂದರ ಹೆಂಗ?’

2022ರ ಡಿಸೆಂಬರ್ 16ರಂದು ಏಕಸದಸ್ಯ ಪೀಠ ಹರದೇಶಿಯವರ ಪದಕ್ಕ ಒಪ್ಪಿತು. ಯೆಜ್ಡಿ ಹೆಸರು ಸಮಾಪ್ತಿಯಾಗುತ್ತಿರುವ ಐಡಿಯಲ್ ಜಾವಾ ಕಂಪನಿಯದೇ, ಬೋಮನ್ ಇರಾನಿಯವರ ಹೆಸರಿಗೆ ಆದ ನೋಂದಣಿ ಊರ್ಜಿತ ಅಲ್ಲ, ಅದನ್ನ ಲಿಕ್ವಿಡೇಟರಿಗೆ ವರ್ಗ ಮಾಡಬೇಕು, ಲಿಕ್ವಿಡೇಟರು ಹೆಸರನ್ನ ಹರಾಜು ಹಾಕಬಹುದು ಅಂತ ತೀರ್ಪಾತು. ಇರಾನಿಯವರು, ಹೊಸ ಕಂಪನಿಯವರು ಮೇಲ್ಮನವಿ ಹೋದರು. 2025ರ ನವೆಂಬರದಾಗ ಅದೇ ಹೈಕೋರ್ಟಿನ ದ್ವಿಸದಸ್ಯ ಪೀಠ ಆ ತೀರ್ಪನ್ನ ರದ್ದು ಮಾಡಿತು. ವರ್ಷಗಟ್ಟಲೆ ಬಳಸದ, ನವೀಕರಿಸದ ಹೆಸರಿನ ಮ್ಯಾಲೆ ಹಳೆ ಕಂಪನಿಗೆ ಹಕ್ಕು ಉಳಿಯೂದಿಲ್ಲ ಅನ್ನುವ ನಾಗೇಶಿಯವರ ಪದ ಅಲ್ಲಿ ಗೆದ್ದಿತು.

ಇಂಥಾ ಜಗಳ ನಮ್ಮಲ್ಲೇ ಆಗ್ತದಂತಲ್ಲ. ಅಮೆರಿಕದ ಒಂದು ಆಟದ ಕಂಪನಿಯ ಕಥಿ ನನ್ನ ಮೊಮ್ಮಗ ಓದಿ ಹೇಳಿದ. ಮೇಜಿನ ಸುತ್ತ ಕೂತು ಆಡುವ ಆಟ ಅದು. ಒಬ್ಬಾಂವ ನಮ್ಮ ಬಯಲಾಟದ ಸೂತ್ರಧಾರನ ಹಂಗ ಕಥಿ ನಡೆಸ್ತಾನ. ಉಳಿದವರು ಒಂದೊಂದು ಪಾತ್ರ ಹಿಡೀತಾರ, ಪಗಡಿ ದಾಳದ ಹಂಗ ದಾಳ ಒಗೆದು ಮುಂದಿನದು ತೀರ್ಮಾನ ಆಗ್ತದ. ಗ್ಯಾರಿ ಗೈಗ್ಯಾಕ್ಸ್, ಡಾನ್ ಕೇ ಎಂಬವರು 1973ರಲ್ಲಿ ಟಿ.ಎಸ್.ಆರ್. ಅನ್ನುವ ಕಂಪನಿ ಕಟ್ಟಿ, 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅನ್ನುವ ಆಟ ತಂದರು. ದುನಿಯಾದಾಗೆಲ್ಲಾ ಹೆಸರಾತು. 1997ರಲ್ಲಿ ಕಂಪನಿ ಸೋತು ‘ವಿಝರ್ಡ್ಸ್ ಆಫ್ ದಿ ಕೋಸ್ಟ್’ ಅನ್ನುವ ಕಂಪನಿಗೆ ಮಾರಾಟ ಆತು. ಕೊಂಡವರು ಆಟ ಇಟ್ಟುಕೊಂಡರು, ಟಿ.ಎಸ್.ಆರ್. ಅನ್ನುವ ಹೆಸರು ಬಳಸೂದು ಬಿಟ್ಟರು, ನೋಂದಣಿ ಸತ್ತಿತು. ಇಲ್ಲಿಯತನ ಯೆಜ್ಡಿಯದೇ ಕಥಿ.

ಮುಂದ 2011ರ ಸುಮಾರಿಗೆ ಒಬ್ಬರು ಆ ಹೆಸರನ್ನ ಎತ್ತಿಕೊಂಡು ಸಣ್ಣ ಕಂಪನಿ ನಡೆಸಿದರು. ಅವರೂ ಕಾಗದದ ಗಡುವು ತಪ್ಪಿಸಿಕೊಂಡರು. ಅಷ್ಟರಾಗ ಇನ್ನೊಬ್ಬರು ಬರೆಸಿಕೊಂಡು, 2021ರಲ್ಲಿ ಹಳೆ ಧಣಿಯ ಮಗನನ್ನೂ ಕೂಡಿಸಿಕೊಂಡು ‘ಟಿ.ಎಸ್.ಆರ್. ತಿರುಗಿ ಬಂತು’ ಅಂದರು. ಆ ಮಗ ಒಂದು ಸಂದರ್ಶನದಾಗ ಲಿಂಗಾಂತರಿ ಮಂದಿಯ ಬಗ್ಗೆ ಆಡಿದ ಮಾತಿಗೆ ಆಟಗಾರರು ಸಿಟ್ಟಾದರು. ಮೊದಲು ಹೆಸರು ಎತ್ತಿಕೊಂಡವರು ಈ ಹೆಸರಿನ ಸಹವಾಸವೇ ಬ್ಯಾಡ ಅಂತ ತಮ್ಮ ಕಂಪನಿಯ ಹೆಸರನ್ನೇ ಬದಲಿಸಿಕೊಂಡರು. ಹೊಸ ಟಿ.ಎಸ್.ಆರ್.ನವರು ವಿಝರ್ಡ್ಸ್ ಮ್ಯಾಲೆ ದಾವೆ ಹೂಡಿದರು. 2022ರಲ್ಲಿ ವಿಝರ್ಡ್ಸ್‌ನವರು ಇವರ ಮ್ಯಾಲೆ ಹೂಡಿದರು. ನಮ್ಮ ಹಳೆ ಆಟದ ಹೆಸರಿನಾಗ ಇವರು ಜನಾಂಗದ ಕೀಳು ಮೇಲು ಹೇಳುವ ಬರಹ ತಯಾರು ಮಾಡ್ಯಾರ ಅಂತ ಅವರ ದೂರು. 2023ರಲ್ಲಿ ಹೊಸ ಟಿ.ಎಸ್.ಆರ್. ದಿವಾಳಿ ಅರ್ಜಿ ಹಾಕಿತು.

ಈ ಎರಡು ಕಥಿ ಪಕ್ಕದಾಗ ಇಟ್ಟು ನೋಡಿದರ ಒಂದು ಫರಕು ಕಾಣ್ತದ. ಯೆಜ್ಡಿ ಹೆಸರು ಎತ್ತಿಕೊಂಡವರು ಗಾಡಿ ಮಾಡಿ ರಸ್ತೆಗೆ ಬಿಟ್ಟರು, ಹೆಸರಿಗೆ ಮಸಿ ಬಳಿಯಲಿಲ್ಲ. ಆ ಮಾತು ಹೇಳಲೇಬೇಕು. ಪೀತಾಂಪುರದಾಗ ಇವತ್ತು ಎಷ್ಟೋ ಮಂದಿಗೆ ಅದರಿಂದ ಅನ್ನ ಸಿಕ್ಕಿರಬೇಕು. ಅಮೆರಿಕದಾಗ ಹೆಸರು ಎತ್ತಿಕೊಂಡವರ ಕೈಯಾಗ ಜಗಳ ಬಿಟ್ಟು ಬ್ಯಾರೇನೂ ಬೆಳೀಲಿಲ್ಲ. ಹಾಡಿನ ಮ್ಯಾಳಗಳಾಗೂ ನಾವು ಇದನ್ನ ನೋಡೀವಿ. ಗುರು ತೀರಿಕೊಂಡ ಮ್ಯಾಲೆ ಶಿಷ್ಯರು ಎರಡು ಪಾಲಾಗಿ ಇಬ್ಬರೂ ಅದೇ ಮ್ಯಾಳದ ಹೆಸರು ಹೇಳ್ತಾರ. ನಮ್ಮ ಪದಗಳ ಕೊನೆಗೆ ಅಂಕಿತ ಬರ್ತದಲ್ಲ, ಅದನ್ನ ಯಾರೂ ನೋಂದಣಿ ಮಾಡಿಸಿಲ್ಲ. ಆದರೂ ಒಬ್ಬ ಗುರುವಿನ ಅಂಕಿತ ಹಾಕಿ ಬ್ಯಾರೆಯವರು ಪದ ಕಟ್ಟಿದರ ಕೇಳುವವರು ಹಿಡಿದು ನಿಲ್ಲಿಸ್ತಾರ. ಅಲ್ಲಿ ಹೆಸರಿನ ಕಾವಲಿಗೆ ಕೂತವರು ಕೇಳುವ ಮಂದಿ.

ಹೆಸರು ಎಲ್ಲರಿಗೂ ಕೂಡಿ ಇರಲಿಕ್ಕೆ ಕಾನೂನಿನಾಗೂ ಒಂದು ದಾರಿ ಅದ. ಇಳಕಲ್ ಸೀರಿ ಅನ್ನುವ ಹೆಸರು, ಗೋವಾದ ಫೆನಿ ಅನ್ನುವ ಹೆಸರು ಭೌಗೋಳಿಕ ಗುರುತು ಅಂತ ನೋಂದಣಿ ಆಗ್ಯಾವ. ಅವು ಒಬ್ಬ ಧಣಿಯವಲ್ಲ, ಆ ಸೀಮಿಯಾಗ ಆ ಕೆಲಸ ಮಾಡುವ ಎಲ್ಲರವು. ನೇಕಾರನೊಬ್ಬ ಮಗ್ಗ ನಿಲ್ಲಿಸಿದರ ಇಳಕಲ್ ಹೆಸರು ಪಡಾ ಬೀಳೂದಿಲ್ಲ. ಕಾರ್ಖಾನಿಯ ಕಾರ್ಮಿಕರಿಗೆ ಆ ದಾರಿ ಇಲ್ಲ. ಅವರು ಕೈಯಾರೆ ಕಟ್ಟಿದ ಹೆಸರು ಕಂಪನಿಯ ಕಾಗದದಾಗ ಇರ್ತದ, ಕಂಪನಿ ಹೋದರ ಕಾಗದವೂ ಹೋಗ್ತದ.

ನನ್ನ ಮನಸ್ಸಿನಾಗ ಉಳಿದದ್ದು ಈ ಲೆಕ್ಕ. 1996ರಲ್ಲಿ 40 ವರ್ಷದಾಂವ ಆಗಿದ್ದ ಯಾದವಗಿರಿಯ ಕಾರ್ಮಿಕ 2025ರ ತೀರ್ಪು ಬರುವಾಗ 69 ವರ್ಷದಾಂವ. ಕೋರ್ಟಿನಾಗ ಫೀ ಕಟ್ಟಿದ ತಾರೀಖು, ಕಟ್ಟದ ತಾರೀಖು ಎಣಿಸಿದರು, ಎಣಿಸಲೇಬೇಕು, ಕಾಯ್ದೆ ಇರೂದೇ ಹಂಗ. ನಮ್ಮ ಹೊಲದ ವ್ಯಾಜ್ಯದಾಗೂ ಹಂಗೇ ಎಣಿಸ್ತಾರ. ಆದರ ಆ ಫೀ ಕಟ್ಟುವ ಅಧಿಕಾರ ಕಾರ್ಮಿಕನ ಕೈಯಾಗ ಒಂದು ದಿನವೂ ಇರಲಿಲ್ಲ. ಹಳೆ ಧಣಿ ಕಟ್ಟಲಿಲ್ಲ, ಆಮ್ಯಾಲೆ ಉಸ್ತುವಾರಿಗೆ ಬಂದವರೂ ಕಟ್ಟಲಿಲ್ಲ. ಗಂಡ ಹೆಂಡಿರ ಜಗಳದಾಗ ಕೂಸು ಬಡವಾತು ಅಂತಾರಲ್ಲ, ಹಂಗಾತು. ಇಬ್ಬರೂ ಕಟ್ಟದೆ ಬಿಟ್ಟದ್ದಕ್ಕ ನಷ್ಟ ಆದದ್ದು ಮೂರನೆಯವನಿಗೆ.

ಮಾಸ್ತರರು ಇದನ್ನ ಮಕ್ಕಳಿಗೆ ಹೇಳುವಾಗ ಎರಡು ಮಾತು ಕೂಡಿಸಿ ಹೇಳಬೇಕು ಅಂತ ನನ್ನ ಬಿನ್ನಹ. ನಮ್ಮ ಊರಿನ ಅಕ್ಕಂದಿರ ಸಂಘದವರು ಶೇಂಗಾ ಚಟ್ನಿ, ಖಡಕ್ ರೊಟ್ಟಿ ಕಟ್ಟಿ ಗೋವಾಕ್ಕ ಕಳಿಸ್ತಾರ. ಪೊಟ್ಟಣದ ಮ್ಯಾಲೆ ಒಂದು ಹೆಸರು ಇಟ್ಟಿದ್ದರ ಅದನ್ನ ಬರೆಸಿ ಇಡ್ರಿ. ಕರ್ನಾಟಕದವರಿಗೆ ಚೆನ್ನೈ ಕಚೇರಿ, ಗೋವಾದಾಗ ಇದ್ದವರಿಗೆ ಮುಂಬೈ ಕಚೇರಿ. ಕಂಪ್ಯೂಟರಿನಾಗ ಅರ್ಜಿ ಹಾಕಿದರ ಒಬ್ಬ ವ್ಯಕ್ತಿಗೆ, ಸಣ್ಣ ಉದ್ದಿಮೆಗೆ ಒಂದು ವರ್ಗದ ಸಾಮಾನಿಗೆ 4,500 ರೂಪಾಯಿ ಫೀ. ಹತ್ತು ವರ್ಷಕ್ಕ ಮತ್ತ ಕಟ್ಟಬೇಕು ಅನ್ನೂದನ್ನ ಸಂಘದ ಠರಾವು ಪುಸ್ತಕದಾಗ ತಾರೀಖು ಸಹಿತ ಬರೆದು ಇಡ್ರಿ. ಒಬ್ಬಾಕಿಯ ಹೆಸರಿಗೆ ಬರೆಸಬ್ಯಾಡ್ರಿ, ಸಂಘದ ಹೆಸರಿಗೆ ಬರೆಸ್ರಿ. ನಾಳೆ ಅದಕ್ಕ ಬೆಲಿ ಬಂದಾಗ ಜಗಳ ಬರಬಾರದು.

ಎರಡನೇ ಮಾತು ಮೋತಿ ಡೊಂಗರದ ನಮ್ಮ ಹುಡುಗರಿಗೆ. ಕಾರ್ಖಾನ್ಯಾಗ, ಗೋದಾಮಿನ್ಯಾಗ ದುಡಿಯುವವರು ಪಗಾರಿನ ಚೀಟಿ, ಪಿ.ಎಫ್. ನಂಬರು, ಹಾಜರಿ ಕಾರ್ಡು ಎಲ್ಲಾ ಒಂದು ಪೆಟ್ಟಿಗ್ಯಾಗ ಹಾಕಿ ಇಡ್ರಿ. ಧಣಿಯ ಹೆಸರು ಎಷ್ಟು ದೊಡ್ಡದಿದ್ದರೂ ಬೀಗ ಬಿದ್ದ ದಿನ ನಿಮಗ ಬರಬೇಕಾದ್ದು ಕೇಳಲಿಕ್ಕೆ ಆ ಚೀಟಿಗಳೇ ಬೇಕು. ಯೆಜ್ಡಿ ಓಡಿಸುವವರು ಓಡಿಸ್ರಿ, ಚಲೋ ಗಾಡಿನೇ ಇರಬೇಕು. ಯಾರಾದರೂ ಅದರ ಹೆಸರಿನ ಕಥಿ ಕೇಳಿದರ ಚೆಕ್ ದೇಶದ ಯಾನೆಚೆಕ್‌ನಿಂದ ಶುರು ಮಾಡಿ ಹೇಳ್ರಿ. ಯಾದವಗಿರಿಯಾಗ ಅದನ್ನ ಕಟ್ಟಿದ ಕೈಗಳ ತನಕ ಹೇಳ್ರಿ, ನಡುವ ನಿಲ್ಲಿಸಬ್ಯಾಡ್ರಿ.